ಯುದ್ಧಕ್ಕೆ ದಂಗೆ ಅಂತ ಹೆಸರಿಟ್ಟರೆ...

ಫಿಲಿಪ್ಪೀನ್ಸ್ ಬಗ್ಗೆ ನಮಗೆ ಗೊತ್ತಿರೋದು ಎಷ್ಟು ಹೇಳಿ? ಮ್ಯಾಗ್ಸೆಸೆ ಪ್ರಶಸ್ತಿ ಗೊತ್ತು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದಿದ್ದರಿಂದ ಕನ್ನಡದವರಿಗೆ ಸ್ವಲ್ಪ ಹೆಚ್ಚೇ ಗೊತ್ತು. ಗದ್ದೆ ಇರುವ ಮನೆಯವರಾದರೆ ಐಆರ್-8, ಐಆರ್-64 ಭತ್ತ ಗೊತ್ತು. ಆ ತಳಿಗಳು ಹುಟ್ಟಿದ್ದು ಮನಿಲಾದಿಂದ ದಕ್ಷಿಣಕ್ಕಿರುವ ಲಾಸ್ ಬಾನ್ಯೋಸ್‌ನಲ್ಲಿ. ಇಮೆಲ್ಡಾ ಮಾರ್ಕೋಸಳ ಚಪ್ಪಲಿ ರಾಶಿಯ ಕತೆ ಗೊತ್ತು. ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರು ಎಂಬಿಬಿಎಸ್ ಓದೋಕೆ ದಾವಾವೊಗೆ ಹೋಗ್ತಾರೆ ಅನ್ನೋದೂ ಗೊತ್ತು. ಅಲ್ಲಿಗೆ ಮುಗೀತು.

ಆದರೆ ಈ ದೇಶದ ಜನ 1898ರಲ್ಲೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು, ಸಂವಿಧಾನ ಬರೆದುಕೊಂಡು ಗಣರಾಜ್ಯ ಕಟ್ಟಿದ್ದರು, ಅದನ್ನು ಉಳಿಸಿಕೊಳ್ಳೋಕೆ ಅಮೆರಿಕಾದ ಜೊತೆ ವರ್ಷಗಟ್ಟಲೆ ಕಾದಾಡಿ ಲಕ್ಷಗಟ್ಟಲೆ ಸತ್ತರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ವಿಯೆಟ್ನಾಂ ಅಂದರೆ ಸಾಕು, ನಮ್ಮಲ್ಲಿ ಬಂಡಾಯದ ಕವಿತೆ ಬರೆದವರಿಂದ ಹಿಡಿದು ಸಿನಿಮಾ ನೋಡಿದವರ ತನಕ ಎಲ್ಲರಿಗೂ ಏನೋ ಒಂದು ನೆನಪಾಗುತ್ತೆ. ಅದಕ್ಕೆ ಅರವತ್ತು ವರ್ಷ ಮುಂಚೆ, ಅದೇ ಏಷ್ಯಾದಲ್ಲಿ, ಅದೇ ಅಮೆರಿಕಾ ಮಾಡಿದ ಯುದ್ಧಕ್ಕೆ ಮಾತ್ರ ನೆನಪೇ ಇಲ್ಲ. ನಾವು ಓದಲಿಲ್ಲ ಅನ್ನೋದೊಂದೇ ಇದಕ್ಕೆ ಕಾರಣ ಅಂತ ನನಗನ್ನಿಸಲ್ಲ. ಆ ಯುದ್ಧಕ್ಕೆ ಇಟ್ಟ ಹೆಸರೇ ಅದನ್ನು ಮರೆಸೋಕೆ ಇಟ್ಟ ಹೆಸರು. 'ಫಿಲಿಪ್ಪೀನ್ ದಂಗೆ' ಅಂತ ಕರೆದರು. ಸುಮಾರು ನೂರು ವರ್ಷ ಅಮೆರಿಕಾದ ಗ್ರಂಥಾಲಯಗಳ ಕಪಾಟಿನಲ್ಲೂ ಅದೇ ಹೆಸರು. ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು 'ಫಿಲಿಪ್ಪೀನ್-ಅಮೆರಿಕನ್ ಯುದ್ಧ' ಅಂತ ಬದಲಾಯಿಸಿದ್ದು 1990ರ ದಶಕದ ಕೊನೆಯಲ್ಲಿ!

ಹೆಸರಲ್ಲೇನಿದೆ ಬಿಡಿ ಅಂತೀರಾ? ಇದೆ. ಅದನ್ನೇ ಹೇಳೋಕೆ ಹೊರಟಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಚಹಾ ಕಾಫಿ ಏನಾದರೂ ಹಿಡಿದುಕೊಂಡು ಕೂತ್ಕೊಳ್ಳಿ :)

ಮೊದಲು ಹಿನ್ನೆಲೆ. 1565ರಿಂದ ಸ್ಪೇನ್ ಅಲ್ಲಿ ಆಳ್ತಾ ಇತ್ತು. ದೇಶದ ಹೆಸರೇ ಸ್ಪೇನಿನ ದೊರೆ ಎರಡನೇ ಫಿಲಿಪ್‌ನದು. (ಮಧ್ಯದಲ್ಲಿ ಒಂದು ಸಣ್ಣ ತಮಾಷೆ: 1762ರಲ್ಲಿ ಬ್ರಿಟಿಷರು ಮದ್ರಾಸಿನಿಂದ ಹಡಗುಗಳನ್ನು ಕಳಿಸಿ ಮನಿಲಾ ಹಿಡಿದುಕೊಂಡರು. ಎರಡು ವರ್ಷ ಇದ್ದು ಬಿಟ್ಟು ಹೋದರು. ಅವರ ಜೊತೆ ಹೋಗಿದ್ದ ನಮ್ಮ ದಕ್ಷಿಣದ ಸಿಪಾಯಿಗಳಲ್ಲಿ ಕೆಲವರು ವಾಪಸ್ ಬರಲೇ ಇಲ್ಲ, ಮನಿಲಾ ಪಕ್ಕದ ಕೈಂಟಾ ಅನ್ನೋ ಊರಲ್ಲಿ ಮದುವೆ ಆಗಿ ನಿಂತುಬಿಟ್ಟರು. ಅವರ ವಂಶದವರು ಈಗಲೂ ಅಲ್ಲಿದ್ದಾರೆ.) ಹೊಸೆ ರಿಸಾಲ್ ಅನ್ನೋ ಕಣ್ಣಿನ ಡಾಕ್ಟರು, ಕಾದಂಬರಿಕಾರ, ಸ್ಪೇನಿನ ಪಾದ್ರಿಗಳ ದರ್ಬಾರನ್ನು ಬಯಲಿಗೆಳೆದದ್ದಕ್ಕೆ 1896ರ ಡಿಸೆಂಬರ್ 30ರಂದು ಗುಂಡಿಗೆ ಬಲಿಯಾದ. ಅದಕ್ಕೆ ನಾಲ್ಕು ತಿಂಗಳ ಹಿಂದೆಯೇ ಆಂದ್ರೆಸ್ ಬೊನಿಫಾಸಿಯೊ ಕಟ್ಟಿದ್ದ 'ಕಾತಿಪುನಾನ್' ಅನ್ನೋ ಗುಪ್ತ ಸಂಘ ಬಂಡೆದ್ದಿತ್ತು. ಬೊನಿಫಾಸಿಯೊ ಗೋದಾಮಿನಲ್ಲಿ ಕೆಲಸ ಮಾಡ್ತಿದ್ದ ಬಡವ. ಅವನ ಜಾಗಕ್ಕೆ ಬಂದವನು ಕವೀತೆಯ ಸ್ಥಿತಿವಂತ ಮನೆತನದ ಎಮಿಲಿಯೊ ಅಗಿನಾಲ್ಡೋ. ಬಂದವನು ಬೊನಿಫಾಸಿಯೊನ ಮೇಲೆ ರಾಜದ್ರೋಹದ ವಿಚಾರಣೆ ನಡೆಸಿ 1897ರ ಮೇ ತಿಂಗಳಲ್ಲಿ ಕೊಲ್ಲಿಸಿದ. ಈ ಕೊಲೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಅದೇ ವರ್ಷದ ಕೊನೆಗೆ ಅಗಿನಾಲ್ಡೋ ಸ್ಪೇನಿನ ಜೊತೆ ರಾಜಿ ಮಾಡಿಕೊಂಡು, ದುಡ್ಡು ತಗೊಂಡು ಹಾಂಗ್‌ಕಾಂಗಿಗೆ ಹೋಗಿ ಕೂತ.

ಅಲ್ಲಿಗೆ ಬಂದಿದ್ದು ಅಮೆರಿಕಾ. ಕ್ಯೂಬಾದ ವಿಷಯಕ್ಕೆ ಸ್ಪೇನಿನ ಜೊತೆ ಜಗಳ ತೆಗೆದ ಅಮೆರಿಕಾ 1898ರ ಮೇ 1ರಂದು ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ನೌಕಾಪಡೆಯನ್ನು ಒಂದೇ ಬೆಳಿಗ್ಗೆಯಲ್ಲಿ ಮುಳುಗಿಸಿತು. ಆದರೆ ಕಮೋಡೋರ್ ಡ್ಯೂಯಿ ಹತ್ತಿರ ನೆಲದ ಮೇಲೆ ಕಾದಾಡೋ ಸೈನ್ಯ ಇರಲಿಲ್ಲ. ಸರಿ, ಅಗಿನಾಲ್ಡೋನನ್ನು ಅಮೆರಿಕಾದ ಹಡಗಿನಲ್ಲೇ ಕೂರಿಸಿಕೊಂಡು ಬಂದು ಇಳಿಸಿದರು. ಫಿಲಿಪಿನೋಗಳು ಊರೂರು ಗೆದ್ದುಕೊಂಡು ಬಂದು ಮನಿಲಾವನ್ನು ಸುತ್ತುಗಟ್ಟಿದರು. ಜೂನ್ 12ರಂದು ಕವಿತ್ ಅನ್ನೋ ಊರಲ್ಲಿ ಅಗಿನಾಲ್ಡೋನ ಮನೆಯ ಕಿಟಕಿಯಿಂದ ಬಾವುಟ ಬಿಚ್ಚಿ ಸ್ವಾತಂತ್ರ್ಯ ಘೋಷಣೆ ಆಯ್ತು. ಬಾವುಟ ಹೊಲಿದವಳು ಮಾರ್ಸೆಲಾ ಅಗೊನ್ಸಿಯೊ ಅನ್ನೋ ಹೆಣ್ಣುಮಗಳು, ಹಾಂಗ್‌ಕಾಂಗಿನಲ್ಲಿ ಕೂತು, ಮಗಳನ್ನೂ ರಿಸಾಲ್‌ನ ಸಂಬಂಧಿಯೊಬ್ಬಳನ್ನೂ ಜೊತೆಗಿಟ್ಟುಕೊಂಡು. ಆ ಘೋಷಣಾಪತ್ರದಲ್ಲಿ ಅಮೆರಿಕಾವನ್ನು ಬಲಶಾಲಿ, ಮಾನವೀಯ ರಾಷ್ಟ್ರ ಅಂತ ಹೊಗಳಿ, ಅದರ ರಕ್ಷಣೆಯ ನೆರಳಲ್ಲಿ ನಾವಿದ್ದೀವಿ ಅಂತ ಬರೆದಿದ್ದಾರೆ. ಓದಿದರೆ ಹೊಟ್ಟೆ ಚುರುಕ್ ಅನ್ನುತ್ತೆ.

ಯಾಕಂದರೆ ಎರಡೇ ತಿಂಗಳಿಗೆ, ಆಗಸ್ಟ್ 13ರಂದು, ಮನಿಲಾದಲ್ಲಿ ಒಂದು ನಾಟಕ ನಡೀತು. ನಿಜವಾಗಿ ನಾಟಕವೇ. ಸ್ಪೇನಿನವರೂ ಅಮೆರಿಕಾದವರೂ ಬೆಲ್ಜಿಯಂನ ಕಾನ್ಸಲ್ ಮೂಲಕ ಒಳಗೊಳಗೇ ಮಾತಾಡಿಕೊಂಡರು: ನೀವು ಸ್ವಲ್ಪ ಗುಂಡು ಹಾರಿಸಿ, ನಾವು ಸ್ವಲ್ಪ ಹಾರಿಸಿ ಸೋಲ್ತೀವಿ, ಆದರೆ ಫಿಲಿಪಿನೋಗಳನ್ನು ಮಾತ್ರ ಊರೊಳಗೆ ಬಿಡಬೇಡಿ. ಬಿಳಿಯರ ಕೈಗೆ ಸೋತರೆ ಮಾನ ಉಳಿಯುತ್ತೆ, ತಮ್ಮ ಆಳುಗಳ ಕೈಗೆ ಸೋತರೆ ಉಳಿಯಲ್ಲ ಅನ್ನೋದು ಲೆಕ್ಕ. ಹಾಗೇ ಆಯ್ತು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿದ್ದವರನ್ನು ಹೊರಗೇ ನಿಲ್ಲಿಸಿ ಅಮೆರಿಕಾದ ಬಾವುಟ ಏರಿತು. ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದ. ಎರಡು ಕೋಟಿ ಡಾಲರಿಗೆ ಸ್ಪೇನ್ ಇಡೀ ದ್ವೀಪಸಮೂಹವನ್ನು ಅಮೆರಿಕಾಕ್ಕೆ ಬರೆದುಕೊಟ್ಟಿತು. ಫಿಲಿಪಿನೋಗಳ ದೂತ ಫೆಲಿಪೆ ಅಗೊನ್ಸಿಯೊ ವಾಷಿಂಗ್ಟನ್ನಿಗೂ ಹೋದ, ಪ್ಯಾರಿಸ್ಸಿಗೂ ಹೋದ, ಒಳಗೆ ಯಾರೂ ಕರೀಲಿಲ್ಲ. ಒಂದು ವಿಷಯ ಗಮನಿಸಿ. ಆ ಹೊತ್ತಿಗೆ ಮನಿಲಾ ಬಿಟ್ಟರೆ ಲುಸೋನ್ ದ್ವೀಪದ ಹೆಚ್ಚು ಭಾಗ ಫಿಲಿಪಿನೋಗಳ ಕೈಲೇ ಇತ್ತು. ಅಂದರೆ ಸ್ಪೇನ್ ಮಾರಿದ್ದು ತನ್ನ ಕೈಲಿ ಇಲ್ಲದ್ದನ್ನು! ನಮ್ಮಲ್ಲಿ ಹೀಗೆ ಸೈಟು ಮಾರಿದರೆ ಪೊಲೀಸ್ ಕಂಪ್ಲೇಂಟ್ ಆಗುತ್ತೆ.

ಈಗ ಹೆಸರಿನ ವಿಷಯಕ್ಕೆ ಬನ್ನಿ. ಪ್ಯಾರಿಸ್ ಒಪ್ಪಂದ ಸರಿ ಅಂತ ಒಪ್ಪಿಕೊಂಡರೆ ಫಿಲಿಪ್ಪೀನ್ಸ್ ಅಮೆರಿಕಾದ ಆಸ್ತಿ. ಆಸ್ತಿ ಅಂದ ಮೇಲೆ ಅಲ್ಲಿ ಬಂದೂಕು ಹಿಡಿದವನು ಶತ್ರುಸೈನಿಕ ಅಲ್ಲ, ದಂಗೆಕೋರ. ಶತ್ರುಸೈನಿಕ ಸಿಕ್ಕಿಬಿದ್ದರೆ ಯುದ್ಧಕೈದಿ, ಅವನಿಗೆ ಒಂದಿಷ್ಟು ಮರ್ಯಾದೆ ಉಂಟು. ದಂಗೆಕೋರ ಸಿಕ್ಕಿಬಿದ್ದರೆ ನೇಣು. ಒಂದು ಪದದಲ್ಲಿ ಇಷ್ಟೆಲ್ಲ ಅಡಗಿದೆ.

1899ರ ಜನವರಿ 23ರಂದು ಮಲೋಲೋಸ್ ಊರಿನ ಬರಾಸೊಯಿನ್ ಚರ್ಚಿನಲ್ಲಿ ಗಣರಾಜ್ಯ ಉದ್ಘಾಟನೆ ಆಯ್ತು. ಹನ್ನೆರಡು ದಿನಕ್ಕೆ, ಫೆಬ್ರವರಿ 4ರ ರಾತ್ರಿ, ಮನಿಲಾದ ಹೊರಗೆ ಗಸ್ತಿನಲ್ಲಿದ್ದ ವಿಲಿಯಂ ಗ್ರೇಸನ್ ಅನ್ನೋ ನೆಬ್ರಾಸ್ಕದ ಸಿಪಾಯಿ ಎದುರಿಗೆ ಬಂದ ಫಿಲಿಪಿನೋ ಮೇಲೆ ಗುಂಡು ಹಾರಿಸಿದ. ಯುದ್ಧ ಶುರು. ನಿಲ್ಲಿಸೋಣ ಅಂತ ಅಗಿನಾಲ್ಡೋ ಕಡೆಯಿಂದ ಮಾತು ಬಂತು, ಜನರಲ್ ಓಟಿಸ್ ಒಪ್ಪಲಿಲ್ಲ. ಎರಡು ದಿನ ಬಿಟ್ಟು ಅಮೆರಿಕಾದ ಸೆನೆಟ್ ಪ್ಯಾರಿಸ್ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. 57ಕ್ಕೆ 27, ಅಂದರೆ ಬೇಕಾಗಿದ್ದ ಮೂರನೇ ಎರಡು ಭಾಗಕ್ಕಿಂತ ಒಂದೇ ಒಂದು ಓಟು ಜಾಸ್ತಿ. ಆ ಒಂದು ಓಟಿನ ಬಗ್ಗೆ ಯೋಚನೆ ಮಾಡಿದಾಗೆಲ್ಲ ನನಗೆ ಒಂಥರಾ ಆಗುತ್ತೆ.

ಅದೇ ಫೆಬ್ರವರಿಯಲ್ಲೇ ಕಿಪ್ಲಿಂಗ್‌ನ 'ಬಿಳಿಯನ ಹೊರೆ' ಕವಿತೆ ಅಚ್ಚಾಗಿದ್ದು. ಮುಂಬೈಯಲ್ಲಿ ಹುಟ್ಟಿದವನಾದ್ದರಿಂದ ಅದು ನಮ್ಮನ್ನೇ ಕುರಿತು ಬರೆದದ್ದು ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಅದರ ಉಪಶೀರ್ಷಿಕೆಯಲ್ಲೇ ಅಮೆರಿಕಾ ಮತ್ತು ಫಿಲಿಪ್ಪೀನ್ ದ್ವೀಪಗಳ ಹೆಸರಿದೆ. ನಾವು ಹೊತ್ತುಕೊಂಡಿದ್ದೀವಿ, ಈಗ ನೀವೂ ಹೊತ್ತುಕೊಳ್ಳಿ ಅಂತ ಬ್ರಿಟಿಷ್ ಕವಿ ಅಮೆರಿಕಾದವರಿಗೆ ಕೊಟ್ಟ ಉಪದೇಶ ಅದು.

ನಾಗರಿಕತೆ ಕಲಿಸ್ತೀವಿ, ಕ್ರೈಸ್ತರನ್ನಾಗಿ ಮಾಡ್ತೀವಿ ಅಂತ ಅಧ್ಯಕ್ಷ ಮೆಕಿನ್ಲಿ ಪಾದ್ರಿಗಳ ಮುಂದೆ ಹೇಳಿದನಂತೆ. ಈ 'ಅಂತೆ' ಮುಖ್ಯ, ಆ ಮಾತು ಅಚ್ಚಾಗಿದ್ದು ಅವನು ಸತ್ತ ಮೇಲೆ, 1903ರಲ್ಲಿ. ಅವನು ಹಾಗೇ ಹೇಳಿದನೋ ಇಲ್ಲವೋ, ಅವನ ಕಡೆಯವರಂತೂ ಅದನ್ನೇ ಹೇಳ್ತಿದ್ದರು. ಫಿಲಿಪಿನೋಗಳಲ್ಲಿ ಹೆಚ್ಚಿನವರು ಮುನ್ನೂರು ವರ್ಷದಿಂದ ಕ್ರೈಸ್ತರೇ ಆಗಿದ್ದರು ಮಾರಾಯ್ರೆ! ಮನಿಲಾದ ಸಾಂತೋ ತೋಮಾಸ್ ವಿಶ್ವವಿದ್ಯಾಲಯ ಶುರುವಾಗಿದ್ದು 1611ರಲ್ಲಿ, ಹಾರ್ವರ್ಡ್ 1636ರಲ್ಲಿ. ಯಾರು ಯಾರಿಗೆ ಕಲಿಸಬೇಕು?

ನಾಗರಿಕತೆ ಅಂದರೆ ಏನು ಅನ್ನೋದಕ್ಕೆ ನಾನು ಕೊಡೋ ಉದಾಹರಣೆ ಬಾಲೇರ್ ಊರಿನದು. ಅಲ್ಲಿನ ಚರ್ಚಿನಲ್ಲಿ ಸ್ಪೇನಿನ ಒಂದಷ್ಟು ಸಿಪಾಯಿಗಳು ಯುದ್ಧ ಮುಗಿದಿದೆ ಅಂತ ಯಾರು ಹೇಳಿದರೂ ನಂಬದೆ, ಬಾಗಿಲು ಹಾಕಿಕೊಂಡು ಹನ್ನೊಂದು ತಿಂಗಳು ಕೂತಿದ್ದರು. 1899ರ ಜೂನ್ 2ರಂದು ಹೊರಗೆ ಬಂದಾಗ ಅಗಿನಾಲ್ಡೋ ಅವರನ್ನು ಕೈದಿಗಳಲ್ಲ, ಸ್ನೇಹಿತರು ಅಂತ ಕಾಣಿ ಅಂತ ಆಜ್ಞೆ ಹೊರಡಿಸಿದ. ಅವರ ಧೈರ್ಯಕ್ಕೆ ಮರ್ಯಾದೆ ಕೊಟ್ಟು ಊರಿಗೆ ಕಳಿಸಿದರು. ಒಂದು ಕಡೆ ಅಮೆರಿಕಾದ ಸೈನ್ಯ ಊರು ಸುಡ್ತಾ ಬರ್ತಿರುವಾಗ, ಇನ್ನೊಂದು ಕಡೆ ಹಳೇ ಶತ್ರುವಿಗೆ ತೋರಿಸಿದ ಮರ್ಯಾದೆ ಇದು. ಆ ಆಜ್ಞೆಯ ದಿನ, ಜೂನ್ 30, ಈಗ ಅಲ್ಲಿ ಸ್ಪೇನ್ ಸ್ನೇಹದ ದಿನ.

ಹಾಗಂತ ಅಗಿನಾಲ್ಡೋನನ್ನು ತಲೆ ಮೇಲೆ ಹೊತ್ತುಕೊಳ್ಳೋಕೆ ನಾನು ತಯಾರಿಲ್ಲ. ಅವನ ಸೈನ್ಯದಲ್ಲಿ ಯುದ್ಧಶಾಸ್ತ್ರ ಗೊತ್ತಿದ್ದವನು ಒಬ್ಬನೇ, ಆಂತೋನಿಯೊ ಲೂನಾ. ಯೂರೋಪಿನಲ್ಲಿ ಓದಿದ ವಿಜ್ಞಾನಿ, ಮುಂಗೋಪಿ, ಶಿಸ್ತು ಅಂದರೆ ಶಿಸ್ತು. ಆಜ್ಞೆ ಮೀರಿದವರನ್ನು ಬಿಡ್ತಿರಲಿಲ್ಲ. 1899ರ ಜೂನ್ 5ರಂದು ಅಗಿನಾಲ್ಡೋ ಕರೀತಿದ್ದಾನೆ ಅಂತ ಬಂದ ತಂತಿ ನಂಬಿ ಕಬನಾತುವಾನ್‌ಗೆ ಹೋದ. ಅಗಿನಾಲ್ಡೋ ಅಲ್ಲಿರಲಿಲ್ಲ. ಅಗಿನಾಲ್ಡೋನ ಕಾವಲು ಪಡೆಯವರೇ ಲೂನಾನನ್ನು ಕೊಚ್ಚಿ ಹಾಕಿದರು. ಯಾರಿಗೂ ಶಿಕ್ಷೆ ಆಗಲಿಲ್ಲ. ಬೊನಿಫಾಸಿಯೊ ಆಯ್ತು, ಈಗ ಲೂನಾ. 2015ರಲ್ಲಿ ಬಂದ 'ಹೆನೆರಾಲ್ ಲೂನಾ' ಸಿನಿಮಾ ನೋಡಿ, ಅಲ್ಲಿನ ಹೊಸ ತಲೆಮಾರಿನವರನ್ನು ಯಾಕೆ ಅಷ್ಟು ಕಲಕಿತು ಅಂತ ಗೊತ್ತಾಗುತ್ತೆ. ಗಣರಾಜ್ಯದ ಒಳಗಿನ ಶ್ರೀಮಂತರಲ್ಲಿ ಅನೇಕರು ಆಗಲೇ ಅಮೆರಿಕಾದ ಜೊತೆ ಮಾತಾಡೋಕೆ ಶುರು ಮಾಡಿದ್ದರು. 1900ರಲ್ಲಿ ಅಂಥವರೇ ಸೇರಿ ಒಂದು ಪಕ್ಷ ಕಟ್ಟಿ, ನಮ್ಮನ್ನು ಅಮೆರಿಕಾದ ಒಂದು ರಾಜ್ಯ ಮಾಡಿಕೊಳ್ಳಿ ಅಂತ ಕೇಳಿದರು. ಆಸ್ತಿ, ಜಮೀನು, ವಕೀಲಿಕೆ ಉಳಿಯಿತು. ಇದು ಎಲ್ಲ ಕಡೆಯ ಕತೆ, ಅಲ್ವಾ?

ಸೊಂಟದ ಕೆಳಗೆ ಸ್ವಾಧೀನವಿಲ್ಲದ ಅಪೊಲಿನಾರಿಯೊ ಮಾಬಿನಿ ಮಾತ್ರ ಬೇರೆ ಥರದವನು. ಗಣರಾಜ್ಯದ ತಲೆ ಅವನು. ಸಿಕ್ಕಿಬಿದ್ದ ಮೇಲೆ ಅಮೆರಿಕಾಕ್ಕೆ ನಿಷ್ಠೆಯ ಪ್ರಮಾಣ ಮಾಡು ಅಂದರು, ಮಾಡಲ್ಲ ಅಂದ. ಓಡೋಕೂ ಆಗದ ಆ ಮನುಷ್ಯನನ್ನು 1901ರಲ್ಲಿ ಗುವಾಮ್ ದ್ವೀಪಕ್ಕೆ ಗಡೀಪಾರು ಮಾಡಿದರು! ಎರಡು ವರ್ಷ ಅಲ್ಲಿದ್ದು, ಕೊನೆಗೆ ತನ್ನ ನೆಲದಲ್ಲಿ ಸಾಯಬೇಕು ಅಂತ ಪ್ರಮಾಣ ಮಾಡಿ ಬಂದ. 1903ರ ಮೇ 13ರಂದು ಕಾಲರಾದಲ್ಲಿ ತೀರಿಕೊಂಡ.

ಬಯಲಲ್ಲಿ ನಿಂತು ಕಾದಾಡೋಕೆ ಆಗಲ್ಲ ಅಂತ ಗೊತ್ತಾದ ಮೇಲೆ, 1899ರ ನವೆಂಬರಿನಿಂದ ಗೆರಿಲ್ಲಾ ಯುದ್ಧ. ಹಗಲು ಹೊಲದಲ್ಲಿ ಅಮೆರಿಕಾದವರಿಗೆ 'ಅಮಿಗೋ' ಅಂತ ನಮಸ್ಕಾರ, ರಾತ್ರಿ ಕೈಯಲ್ಲಿ ಬೋಲೊ. ಬೋಲೊ ಅಂದರೆ ನಮ್ಮ ಮಚ್ಚಿನ ಥರದ್ದು, ತೆಂಗಿನಕಾಯಿ ಒಡೆಯೋಕೂ ಅದೇ, ಯುದ್ಧಕ್ಕೂ ಅದೇ. ಮುಂದಿನ ಎರಡೂವರೆ ವರ್ಷ ಹೀಗೇ. ಅಮೆರಿಕಾ ಒಟ್ಟು 1,26,000 ಸೈನಿಕರನ್ನು ಕಳಿಸಬೇಕಾಯ್ತು. ಅವರಲ್ಲಿ ಡೇವಿಡ್ ಫೇಗನ್ ಅನ್ನೋ ಕಪ್ಪು ಸಿಪಾಯಿ ಫಿಲಿಪಿನೋಗಳ ಕಡೆ ಸೇರಿಕೊಂಡು ಕ್ಯಾಪ್ಟನ್ ಆದ. ತನ್ನ ಊರಲ್ಲಿ ಕಪ್ಪು ಜನರನ್ನು ಮರಕ್ಕೆ ನೇತುಹಾಕುವವರ ಪರವಾಗಿ ಇಲ್ಲಿ ಕಂದು ಜನರನ್ನು ಯಾಕೆ ಕೊಲ್ಲಬೇಕು ಅನ್ನೋ ಪ್ರಶ್ನೆ ಆಗಿನ ಕಪ್ಪು ಜನರ ಪತ್ರಿಕೆಗಳಲ್ಲೂ ಬಂದಿತ್ತು.

ಅಗಿನಾಲ್ಡೋ ಸಿಕ್ಕಿಬಿದ್ದ ರೀತಿ ಕೇಳಿ. ಅವನ ಪತ್ರ ಒಯ್ಯುತ್ತಿದ್ದವನೊಬ್ಬ ಸಿಕ್ಕಿದ, ಅಡಗಿರುವ ಜಾಗ ಗೊತ್ತಾಯ್ತು: ಉತ್ತರದ ಕಾಡಿನೊಳಗೆ ಪಲನಾನ್. ಫ್ರೆಡರಿಕ್ ಫನ್‌ಸ್ಟನ್ ಅನ್ನೋ ಅಧಿಕಾರಿ ಒಂದು ಉಪಾಯ ಮಾಡಿದ. ಮಕಬೆಬೆ ಊರಿನ ಸಿಪಾಯಿಗಳಿಗೆ ಬಂಡಾಯಗಾರರ ವೇಷ ಹಾಕಿಸಿದ, ತಾನೂ ನಾಲ್ಕು ಜನ ಅಮೆರಿಕನ್ನರೂ ಅವರ ಕೈದಿಗಳ ಹಾಗೆ ನಟಿಸಿದರು, ಸುಳ್ಳು ಪತ್ರಗಳನ್ನು ಮುಂದೆ ಕಳಿಸಿದರು. ದಾರಿಯಲ್ಲಿ ಊಟ ಇಲ್ಲದೆ ಸಾಯೋ ಸ್ಥಿತಿ ಬಂತು. ಆಗ ಅಗಿನಾಲ್ಡೋಗೇ ಹೇಳಿ ಕಳಿಸಿದರು, ನಿಮ್ಮವರು ಬರ್ತಿದ್ದೀವಿ, ಹಸಿವಾಗಿದೆ ಅಂತ. ಅವನು ಊಟ ಕಳಿಸಿದ! ಆ ಊಟ ಉಂಡು, ಬಲ ಬಂದ ಮೇಲೆ ಹೋಗಿ 1901ರ ಮಾರ್ಚ್ 23ರಂದು ಅವನನ್ನೇ ಹಿಡಿದರು. ಉಂಡ ಮನೆಗೆ ಎರಡು ಬಗೆಯೋದು ಅಂತೀವಲ್ಲ, ಅಮೆರಿಕಾದಲ್ಲಿ ಅದು ವೀರಗಾಥೆ ಆಯ್ತು, ಫನ್‌ಸ್ಟನ್‌ಗೆ ಬಡ್ತಿ ಸಿಕ್ತು. ಅಗಿನಾಲ್ಡೋ ಹತ್ತು ದಿನದೊಳಗೆ ನಿಷ್ಠೆಯ ಪ್ರಮಾಣ ಮಾಡಿದ.

ನಾಯಕ ಶರಣಾದ ಮೇಲೆ ಮುಗೀಬೇಕಿತ್ತು. ಮುಗೀಲಿಲ್ಲ. ನನ್ನ ಪ್ರಕಾರ ಈ ಯುದ್ಧದ ಅಸಲಿ ಕತೆ ಶುರುವಾಗೋದೇ ಇಲ್ಲಿಂದ, ಯಾಕಂದರೆ ಇಲ್ಲಿಂದ ಮುಂದೆ ಕಾದಾಡಿದವರು ಹೆಸರಿಲ್ಲದವರು.

ಸಮಾರ್ ದ್ವೀಪದ ಬಲಂಗಿಗಾ. ಅಲ್ಲಿ ಬೀಡುಬಿಟ್ಟ ಅಮೆರಿಕಾದ ತುಕಡಿ ಊರಿನ ಗಂಡಸರನ್ನು ಕೂಡಿಹಾಕಿ ಬಿಟ್ಟಿ ದುಡಿಸಿತು, ದವಸ ಹಾಳು ಮಾಡಿತು. 1901ರ ಸೆಪ್ಟೆಂಬರ್ 28ರ ಬೆಳಿಗ್ಗೆ, ಅವರು ತಿಂಡಿಗೆ ಕೂತಿದ್ದಾಗ, ಊರಿನ ಪೊಲೀಸ್ ಮುಖ್ಯಸ್ಥ ವಲೆರಿಯಾನೊ ಅಬನಡೋರ್ ಮೊದಲ ಏಟು ಕೊಟ್ಟ, ಚರ್ಚಿನ ಗಂಟೆ ಬಾರಿಸಿತು, ಊರೇ ಮಚ್ಚು ಹಿಡಿದು ಮೇಲೆ ಬಿತ್ತು. 74 ಜನರಲ್ಲಿ 48 ಅಮೆರಿಕನ್ನರು ಸತ್ತರು. ಅದು ಭೀಕರವೇ, ನಾನು ಅದನ್ನು ಚಂದ ಮಾಡಿ ಹೇಳೋಕೆ ಹೋಗಲ್ಲ. ಆದರೆ ಉತ್ತರವಾಗಿ ಬಂದಿದ್ದು ಏನು? ಜನರಲ್ ಜೇಕಬ್ ಸ್ಮಿತ್ ಆಯುಧ ಹಿಡಿಯಬಲ್ಲ ಎಲ್ಲರನ್ನೂ ಕೊಲ್ಲಿ ಅಂದ. ವಯಸ್ಸಿನ ಮಿತಿ ಏನು ಅಂತ ಕೆಳಗಿನ ಅಧಿಕಾರಿ ಕೇಳಿದಾಗ ಹತ್ತು ವರ್ಷ ಅಂದ. ಇದು ಯಾರೋ ವಿರೋಧಿಗಳು ಕಟ್ಟಿದ ಕತೆ ಅಲ್ಲ, ಅವರದೇ ಸೈನಿಕ ನ್ಯಾಯಾಲಯದ ಮುಂದೆ 1902ರಲ್ಲಿ ಬಂದ ಸಾಕ್ಷಿ. ಶಿಕ್ಷೆ? ಬುದ್ಧಿಮಾತು. ಆಮೇಲೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ನಿವೃತ್ತಿ ಮಾಡಿ ಮನೆಗೆ ಕಳಿಸಿದ. ಚರ್ಚಿನ ಮೂರು ಗಂಟೆಗಳನ್ನು ಯುದ್ಧದ ನೆನಪಿನ ಕಾಣಿಕೆ ಅಂತ ಹೊತ್ತುಕೊಂಡು ಹೋದರು. ಎರಡು ವಯೋಮಿಂಗ್‌ನ ಸೈನಿಕ ನೆಲೆಯಲ್ಲಿ, ಒಂದು ಕೊರಿಯಾದಲ್ಲಿದ್ದ ಅವರ ತುಕಡಿಯ ಹತ್ತಿರ. ಕೇಳಿ ಕೇಳಿ ಸಾಕಾಗಿ, 2018ರ ಡಿಸೆಂಬರಿನಲ್ಲಿ ವಾಪಸ್ ಬಂದವು. ನೂರಾಹದಿನೇಳು ವರ್ಷ ಆದ ಮೇಲೆ ಅದೇ ಊರಿನಲ್ಲಿ ಮತ್ತೆ ಬಾರಿಸಿದವು.

ಇನ್ನು ಬತಾಂಗಾಸ್. ಅಲ್ಲಿ ಮಿಗೆಲ್ ಮಾಲ್ವಾರ್ ಕಾದಾಡ್ತಿದ್ದ. ಅವನನ್ನು ಹಿಡಿಯೋಕಾಗದೆ ಜನರಲ್ ಫ್ರಾಂಕ್ಲಿನ್ ಬೆಲ್ ಒಂದು ಆಜ್ಞೆ ಹೊರಡಿಸಿದ. 1901ರ ಡಿಸೆಂಬರ್ 25ರೊಳಗೆ, ಅಂದರೆ ಕ್ರಿಸ್‌ಮಸ್ ಹಬ್ಬದೊಳಗೆ, ಬತಾಂಗಾಸ್ ಮತ್ತು ಲಗುನಾದ ಹಳ್ಳಿಗರು ಸೈನ್ಯ ಗೆರೆ ಎಳೆದ ವಲಯಗಳೊಳಗೆ ಬಂದು ಸೇರಬೇಕು. ಹೊರಗೆ ಉಳಿದ ದವಸ ಧಾನ್ಯ ಎಲ್ಲ ವಶ ಅಥವಾ ಬೆಂಕಿಗೆ. ಹೊರಗೆ ಕಂಡವನು ಶತ್ರು. ತಮಾಷೆ ಅಂದರೆ, ಕ್ಯೂಬಾದಲ್ಲಿ ಸ್ಪೇನಿನ ಜನರಲ್ ವೆಯ್ಲರ್ ಇದನ್ನೇ ಮಾಡಿದಾಗ ಅಮೆರಿಕಾದ ಪತ್ರಿಕೆಗಳು ಅವನನ್ನು 'ಕಟುಕ' ಅಂತ ಕರೆದಿದ್ದವು. ಸ್ಪೇನಿನ ಮೇಲೆ ಯುದ್ಧ ಸಾರೋಕೆ ಜನರನ್ನು ಎಬ್ಬಿಸಿದ್ದೇ ಆ ಕತೆಗಳು! ಮೂರೇ ವರ್ಷಕ್ಕೆ ಕಟುಕನ ಕತ್ತಿ ಇವರ ಕೈಲಿತ್ತು. ಉಳುವ ಎಮ್ಮೆಕೋಣಗಳು ದೊಡ್ಡರೋಗ ಬಂದು ಅದಾಗಲೇ ಸತ್ತಿದ್ದವು, ಹೊಲ ಬೀಳು ಬಿತ್ತು, ತುಂಬಿ ತುಳುಕೋ ವಲಯಗಳಲ್ಲಿ ಮಲೇರಿಯಾ, ಭೇದಿ. 1902ರಲ್ಲಿ ಕಾಲರಾ ಬಂತು. ಆ ವರ್ಷದ ಏಪ್ರಿಲ್ 16ರಂದು ಮಾಲ್ವಾರ್ ಶರಣಾದ, ತನಗಾಗಿ ಅಲ್ಲ, ಹೊಟ್ಟೆಗಿಲ್ಲದೆ ಸಾಯ್ತಿದ್ದ ಜನಕ್ಕಾಗಿ. ಐಆರ್-8 ಭತ್ತ ಹುಟ್ಟಿದ ಲಾಸ್ ಬಾನ್ಯೋಸ್ ಇದೆಯಲ್ಲ, ಅದು ಇದೇ ಲಗುನಾದಲ್ಲಿ. ಜನರ ಅಕ್ಕಿಯನ್ನು ಸುಟ್ಟ ಪ್ರಾಂತ್ಯದಲ್ಲೇ ಅರವತ್ತು ವರ್ಷದ ನಂತರ ಅಮೆರಿಕಾದ ಪ್ರತಿಷ್ಠಾನಗಳ ದುಡ್ಡಿನಿಂದ ಅಕ್ಕಿ ಸಂಶೋಧನೆ. ಇದರಲ್ಲಿ ಏನೋ ದೊಡ್ಡ ಅರ್ಥ ಇದೆ ಅಂತ ನಾನು ಹೇಳ್ತಿಲ್ಲ, ನೆನಪಾಯ್ತು, ಬರೆದೆ.

ಕೈಕಾಲು ಹಿಡಿದು, ಬಾಯಿಗೆ ನೀರು ಹೊಯ್ದು ಹೊಯ್ದು ಹೊಟ್ಟೆ ಉಬ್ಬಿಸಿ, ಮೇಲೆ ತುಳಿದು ಬಾಯಿ ಬಿಡಿಸುವ 'ವಾಟರ್ ಕ್ಯೂರ್' ಬಗ್ಗೆ ಹೆಚ್ಚು ಬರೆಯಲ್ಲ. 1902ರಲ್ಲಿ ಸೆನೆಟ್ ಸಮಿತಿಯ ಮುಂದೆ ಅವರ ಸಿಪಾಯಿಗಳೇ ಸಾಕ್ಷಿ ಹೇಳಿದ್ದಾರೆ. ಇರಾಕ್ ಯುದ್ಧದ ಸಮಯದಲ್ಲಿ 'ವಾಟರ್‌ಬೋರ್ಡಿಂಗ್' ಅಂತ ಜಗತ್ತೆಲ್ಲ ಮಾತಾಡಿತಲ್ಲ, ಅದರ ಅಜ್ಜ ಇದು.

1902ರ ಜುಲೈ 4ರಂದು ರೂಸ್‌ವೆಲ್ಟ್ ದಂಗೆ ಮುಗಿಯಿತು ಅಂತ ಸಾರಿದ. ಅಷ್ಟರಲ್ಲಿ 4,200ಕ್ಕೂ ಹೆಚ್ಚು ಅಮೆರಿಕಾದ ಸೈನಿಕರು, 20,000ಕ್ಕೂ ಹೆಚ್ಚು ಫಿಲಿಪಿನೋ ಸೈನಿಕರು ಸತ್ತಿದ್ದರು. ಯುದ್ಧ, ಹಸಿವು, ರೋಗಕ್ಕೆ ಸತ್ತ ಸಾಮಾನ್ಯ ಜನರ ಲೆಕ್ಕ ಅಮೆರಿಕಾ ಸರ್ಕಾರದ ಇತಿಹಾಸ ವಿಭಾಗದ ಪ್ರಕಾರವೇ 2,00,000ದವರೆಗೆ. ಇನ್ನೂ ಹೆಚ್ಚು ಅನ್ನುವವರಿದ್ದಾರೆ.

ಅಮೆರಿಕಾದಲ್ಲೇ ಇದನ್ನು ವಿರೋಧಿಸಿದವರೂ ಇದ್ದರು ಅನ್ನೋದನ್ನು ಹೇಳದಿದ್ದರೆ ತಪ್ಪಾಗುತ್ತೆ. ಮಾರ್ಕ್ ಟ್ವೈನ್ 1910ರಲ್ಲಿ ಸಾಯೋವರೆಗೂ ಸಾಮ್ರಾಜ್ಯವಿರೋಧಿ ಲೀಗಿನ ಉಪಾಧ್ಯಕ್ಷನಾಗಿದ್ದ, ಉಕ್ಕಿನ ಸಾಹುಕಾರ ಕಾರ್ನೆಗಿಯೂ ಆ ಕಡೆ. ಆದರೆ ಆ ಲೀಗಿನ ಎಲ್ಲರೂ ಫಿಲಿಪಿನೋಗಳ ಮೇಲಿನ ಪ್ರೀತಿಗೆ ಬಂದವರಲ್ಲ. ಕಂದು ಬಣ್ಣದವರು ನಮ್ಮ ದೇಶದೊಳಗೆ ಬಂದುಬಿಟ್ಟರೆ ಅನ್ನೋ ಭಯಕ್ಕೆ ವಿರೋಧಿಸಿದವರೂ ಅಲ್ಲಿದ್ದರು. ಇದೇ ಭಯ 1934ರಲ್ಲಿ ಮತ್ತೆ ಕಾಣುತ್ತೆ. ಹತ್ತು ವರ್ಷದ ನಂತರ ಸ್ವಾತಂತ್ರ್ಯ ಕೊಡ್ತೀವಿ ಅಂತ ಆ ವರ್ಷ ಮಾಡಿದ ಕಾಯಿದೆಯಲ್ಲೇ, ಇನ್ನು ಮುಂದೆ ವರ್ಷಕ್ಕೆ 50 ಫಿಲಿಪಿನೋಗಳಿಗೆ ಮಾತ್ರ ಅಮೆರಿಕಾದೊಳಗೆ ಪ್ರವೇಶ ಅಂತ ಬರೆದಿದ್ದಾರೆ.

ದಕ್ಷಿಣದ ಮುಸ್ಲಿಂ ಮೋರೋಗಳದ್ದು ಇನ್ನೊಂದು ಅಧ್ಯಾಯ. ಉತ್ತರದಲ್ಲಿ ಯುದ್ಧ ಇದ್ದಾಗ ಸುಲು ಸುಲ್ತಾನನ ಜೊತೆ 1899ರಲ್ಲಿ ಒಪ್ಪಂದ, ಉತ್ತರ ಮುಗಿದ ಮೇಲೆ 1904ರಲ್ಲಿ ಅದು ರದ್ದು. 1906ರ ಮಾರ್ಚಿನಲ್ಲಿ ಜೋಲೋ ದ್ವೀಪದ ಬುದ್ ದಾಹೋ ಎಂಬ ಜ್ವಾಲಾಮುಖಿಯ ಬಾಯೊಳಗೆ ಸೇರಿಕೊಂಡಿದ್ದ ಹೆಂಗಸರು ಮಕ್ಕಳೂ ಸೇರಿದ ಜನರನ್ನು ಲಿಯೊನಾರ್ಡ್ ವುಡ್‌ನ ಸೈನ್ಯ ಮೇಲಿನಿಂದ ಗುಂಡಿಕ್ಕಿ ಕೊಂದಿತು. ಆರುನೂರು ಅಂತ ಆಗಿನ ವರದಿ, ಸಾವಿರದ ಹತ್ತಿರ ಅಂತ ಈಚಿನ ಅಧ್ಯಯನ. ಹೆಣಗಳ ರಾಶಿಯ ಮುಂದೆ ಸೈನಿಕರು ನಿಂತು ತೆಗೆಸಿಕೊಂಡ ಫೋಟೋ ಇದೆ. ಜಲಿಯನ್‌ವಾಲಾ ಬಾಗ್ ಬಗ್ಗೆ 2019ರಲ್ಲಿ ಪುಸ್ತಕ ಬರೆದ ಇತಿಹಾಸಕಾರ ಕಿಮ್ ವ್ಯಾಗ್ನರ್ 2024ರಲ್ಲಿ ಬರೆದದ್ದು ಈ ಬುದ್ ದಾಹೋ ಬಗ್ಗೆ, ಆ ಒಂದು ಫೋಟೋದ ಬೆನ್ನು ಹತ್ತಿ. ಅಮೃತಸರದ ಹೆಸರು ಜಗತ್ತಿಗೆಲ್ಲ ಗೊತ್ತು. ಇದು ಯಾರಿಗೆ ಗೊತ್ತು?

ಈಗ ನೀವು ಕೇಳೋ ಪ್ರಶ್ನೆ ನನಗೆ ಗೊತ್ತು. ಏನೇ ಅನ್ನಿ, ಅಮೆರಿಕಾ ಶಾಲೆ ಕೊಟ್ಟಿತಲ್ಲ, ಇಂಗ್ಲಿಷ್ ಕೊಟ್ಟಿತಲ್ಲ, ಅದರಿಂದ ತಾನೇ ಇವತ್ತು ಮನಿಲಾದ ಕಾಲ್ ಸೆಂಟರುಗಳು ಬೆಂಗಳೂರಿಗೆ ಪೈಪೋಟಿ ಕೊಡ್ತಿರೋದು? ನಮ್ಮಲ್ಲಿ ಮೆಕಾಲೆ ಬಗ್ಗೆ ನಡೆಯೋ ವಾದವೇ ಇದು. ಹೌದು, 1901ರ ಆಗಸ್ಟಿನಲ್ಲಿ 'ಥಾಮಸ್' ಅನ್ನೋ ಹಡಗಿನಲ್ಲಿ ಐನೂರಕ್ಕೂ ಹೆಚ್ಚು ಮೇಷ್ಟ್ರು, ಮೇಡಮ್ಮುಗಳು ಬಂದರು. ಅವರಲ್ಲಿ ನಿಜಕ್ಕೂ ಒಳ್ಳೆಯವರಿದ್ದರು, ರೋಗ ಬಂದು ಅಲ್ಲೇ ಸತ್ತವರೂ ಇದ್ದರು. ಆದರೆ ತಾರೀಖು ನೋಡಿ. ಹಡಗು ಬಂದು ನಾಲ್ಕು ತಿಂಗಳಿಗೆ ಬತಾಂಗಾಸಿನ ವಲಯಗಳು. ಒಂದೇ ಸರ್ಕಾರದ ಎರಡು ಕೈ. ಮಕ್ಕಳು ಆ ಶಾಲೆಗಳಲ್ಲಿ ಕಲಿತ ಇತಿಹಾಸದಲ್ಲಿ ತಮ್ಮ ಅಪ್ಪಂದಿರು ಯಾರು? ಲದ್ರೋನ್. ಅಂದರೆ ಕಳ್ಳರು. ಶಾಲೆ ಕೊಟ್ಟಿದ್ದನ್ನು ನಾನು ಅಲ್ಲಗಳೆಯೋದಿಲ್ಲ, ಆದರೆ ಅದನ್ನು ತಂದು ಹೆಣಗಳ ಲೆಕ್ಕದ ಎದುರು ಜಮಾ ಖಾತೆಯಲ್ಲಿ ಬರೀಬೇಡಿ. ಶಾಲೆ ಬೇಕು ಅಂತ ಮಲೋಲೋಸಿನ ಸಂವಿಧಾನದಲ್ಲೇ ಬರೆದುಕೊಂಡಿದ್ದರು ಅವರು. ಪ್ರಾಥಮಿಕ ಶಿಕ್ಷಣ ಕಡ್ಡಾಯ, ಉಚಿತ ಅಂತ.

ಕಳ್ಳರು ಅಂದೆನಲ್ಲ, ಅದಕ್ಕೆ ಕಾನೂನೂ ಇತ್ತು. 1902ರ ನವೆಂಬರಿನಲ್ಲಿ ಬಂದ ಕಾಯಿದೆಯ ಪ್ರಕಾರ ಆಯುಧ ಹಿಡಿದು ಗುಂಪಾಗಿ ತಿರುಗುವವರೆಲ್ಲ ಡಕಾಯಿತರು, ಶಿಕ್ಷೆ ಮರಣ ಅಥವಾ ಕನಿಷ್ಠ ಇಪ್ಪತ್ತು ವರ್ಷ ಜೈಲು. ಅದಕ್ಕೂ ಮುಂಚೆ 1901ರ ದೇಶದ್ರೋಹದ ಕಾಯಿದೆಯಲ್ಲಿ ಸ್ವಾತಂತ್ರ್ಯ ಬೇಕು ಅಂತ ಬಾಯಿ ಮಾತಲ್ಲಿ ಹೇಳೋದೂ ಅಪರಾಧ. ಜನ ಏನು ಮಾಡಿದರು ಗೊತ್ತಾ? ನಾಟಕ ಆಡಿದರು! 1903ರಲ್ಲಿ ಔರೇಲಿಯೊ ತೊಲೆಂತಿನೊ 'ನಿನ್ನೆ, ಇಂದು, ನಾಳೆ' ಅನ್ನೋ ಅರ್ಥದ ತಗಾಲೊಗ್ ನಾಟಕ ಆಡಿಸಿ ಜೈಲಿಗೆ ಹೋದ. ನಿಷೇಧಿಸಿದ ಬಾವುಟದ ಬಣ್ಣಗಳ ಬಟ್ಟೆ ಹಾಕಿಕೊಂಡ ಪಾತ್ರಗಳು ರಂಗದ ಮೇಲೆ ಒಂದೊಂದು ಕಡೆಯಿಂದ ಬಂದು ಒಟ್ಟಿಗೆ ನಿಂತರೆ ಬಾವುಟವೇ ಎದುರಿಗೆ. ನಮ್ಮ ಕಂಪನಿ ನಾಟಕದವರಿಗೆ ಇದು ಕೇಳಿದರೆ ಖುಷಿಯಾಗ್ತಿತ್ತು. 1907ರಿಂದ 1919ರವರೆಗೆ ಆ ಬಾವುಟ ಹಾರಿಸೋದು, ತೋರಿಸೋದು ಎಲ್ಲ ಕಾನೂನುಬಾಹಿರವಾಗಿತ್ತು.

ನನಗೆ ಈ ಇಡೀ ಇತಿಹಾಸದಲ್ಲಿ ಬಿಡದೆ ಕಾಡುವವನು ಮಕಾರಿಯೊ ಸಕಾಯ್. ಮನಿಲಾದ ತೊಂಡೊ ಕೇರಿಯವನು. ಕ್ಷೌರ ಮಾಡ್ತಿದ್ದ, ಬಟ್ಟೆ ಹೊಲಿತಿದ್ದ, ನಾಟಕದಲ್ಲಿ ಪಾತ್ರ ಹಾಕ್ತಿದ್ದ. ಬೊನಿಫಾಸಿಯೊನ ಜೊತೆ ಕಾತಿಪುನಾನ್ ಸೇರಿದವನು. ದೊಡ್ಡವರೆಲ್ಲ ಪ್ರಮಾಣ ಮಾಡಿ ಹುದ್ದೆ ಹಿಡಿದ ಮೇಲೆ, ಇವನು ಬೆಟ್ಟ ಹತ್ತಿ ತಗಾಲೊಗ್ ಗಣರಾಜ್ಯ ಅಂತ ಕಟ್ಟಿ, ಮಂತ್ರಿಮಂಡಲ ಮಾಡಿ, ಸಂವಿಧಾನ ಬರೆಸಿದ. ತಾನೂ ತನ್ನವರೂ ಉದ್ದಕ್ಕೆ ಕೂದಲು ಬಿಟ್ಟಿದ್ದರು. ಕ್ಷೌರಿಕನಿಗೆ ಕೂದಲು ಬಿಡೋದು ಅಂದರೆ ಅದೊಂದು ಶಪಥವೇ ಇರಬೇಕು, ಇದು ನನ್ನ ಊಹೆ. ಅಮೆರಿಕಾದ ಪತ್ರಿಕೆಗಳಿಗೆ ಆ ಕೂದಲು ಡಕಾಯಿತ ಅನ್ನೋಕೆ ಸಾಕ್ಷಿ. ಅವನ ಫೋಟೋ ಇದೆ, ಹುಡುಕಿ ನೋಡಿ, ಕಣ್ಣುಗಳನ್ನು ನೋಡಿ.

1906ರಲ್ಲಿ ಡಾಕ್ಟರ್ ದೊಮಿನಡೋರ್ ಗೋಮೆಸ್ ಅನ್ನೋ ಕಾರ್ಮಿಕ ನಾಯಕ ಸಕಾಯ್‌ನ ಹತ್ತಿರ ಹೋದ. ನೀವು ಬೆಟ್ಟದಲ್ಲಿ ಇರೋವರೆಗೂ ಅಮೆರಿಕಾದವರು ನಮಗೆ ಶಾಸನಸಭೆ ಕೊಡಲ್ಲ, ನೀವು ಇಳಿದು ಬಂದರೆ ಕೊಡ್ತಾರೆ, ನಿಮಗೇನೂ ಮಾಡಲ್ಲ ಅಂದ. ಸ್ವಾತಂತ್ರ್ಯಕ್ಕೆ ಅದು ಮೊದಲ ಮೆಟ್ಟಿಲು ಅಂತ ನಂಬಿ ಸಕಾಯ್ ಜುಲೈಯಲ್ಲಿ ಇಳಿದು ಬಂದ. ಮನಿಲಾದ ಬೀದಿಯಲ್ಲಿ ಜನ ಜೈಕಾರ ಹಾಕಿದರು. ಕೆಲವೇ ದಿನಕ್ಕೆ ಕವೀತೆಯಲ್ಲಿ ಒಂದು ಔತಣಕೂಟಕ್ಕೆ ಕರೆದು, ಅಲ್ಲೇ ಹಿಡಿದರು. ಇಲ್ಲೂ ಊಟ! ಡಕಾಯಿತಿ ಕಾಯಿದೆ ಹಾಕಿ 1907ರ ಸೆಪ್ಟೆಂಬರ್ 13ರಂದು ನೇಣಿಗೇರಿಸಿದರು. ತಾವು ಕಳ್ಳರಲ್ಲ, ಕಾತಿಪುನಾನ್‌ನವರು ಅಂತ ಹೇಳಿಯೇ ಅವನು ಸತ್ತ. ಅವನು ಯಾವ ಸಭೆಗಾಗಿ ಬೆಟ್ಟ ಇಳಿದನೋ, ಆ ಸಭೆ ಮೊದಲ ಸಲ ಸೇರಿದ್ದು ಅಕ್ಟೋಬರ್ 16ರಂದು. ಅವನನ್ನು ನೇಣಿಗೆ ಹಾಕಿ ಒಂದು ತಿಂಗಳು ಮೂರು ದಿನಕ್ಕೆ. ಸಭೆಯಲ್ಲಿ ಕೂತವರೆಲ್ಲ ಜಮೀನಿದ್ದವರು, ವಕೀಲರು, ಓದಿದವರು.

1946ರ ಜುಲೈ 4ರಂದು ಅಮೆರಿಕಾ ಸ್ವಾತಂತ್ರ್ಯ ಕೊಟ್ಟಿತು, ತನ್ನ ಸ್ವಾತಂತ್ರ್ಯದ ದಿನವನ್ನೇ ಆರಿಸಿ. ಹದಿನಾರು ವರ್ಷ ಅದನ್ನೇ ಆಚರಿಸಿದರು. 1962ರಲ್ಲಿ ಅಧ್ಯಕ್ಷ ಮಕಪಗಾಲ್ ಅದನ್ನು ಜೂನ್ 12ಕ್ಕೆ ಬದಲಾಯಿಸಿದ. ಕೊಟ್ಟ ದಿನ ಅಲ್ಲ, ನಾವೇ ಸಾರಿಕೊಂಡ ದಿನ ಅಂತ. 94 ವರ್ಷ ಬದುಕಿದ್ದ ಅಗಿನಾಲ್ಡೋ ಅದನ್ನು ನೋಡಿಯೇ 1964ರಲ್ಲಿ ತೀರಿಕೊಂಡ. ಸುಬಿಕ್ ನೌಕಾನೆಲೆಯನ್ನು ಮುಂದುವರಿಸೋ ಒಪ್ಪಂದವನ್ನು ಫಿಲಿಪ್ಪೀನ್ಸ್ ಸೆನೆಟ್ 1991ರಲ್ಲಿ ತಿರಸ್ಕರಿಸಿತು, 12ಕ್ಕೆ 11. ಅಲ್ಲೂ ಒಂದೇ ಓಟು.

ಸಕಾಯ್ ವಿಷಯದಲ್ಲಿ ಮಾತ್ರ ತುಂಬಾ ತಡವಾಯ್ತು. ಅವನ ಮೇಲೆ 1993ರಲ್ಲಿ ರೇಮಂಡ್ ರೆಡ್ ಒಂದು ಸಿನಿಮಾ ಮಾಡಿದ. 2008ರ ಸೆಪ್ಟೆಂಬರ್ 13ರಂದು, ಅವನು ಸತ್ತ ನೂರಾಒಂದನೇ ವರ್ಷಕ್ಕೆ, ಅವನದೇ ತೊಂಡೊದಲ್ಲಿ ಆಳೆತ್ತರದ ಪ್ರತಿಮೆ ನಿಲ್ಲಿಸಿದರು. ಕೂದಲು ಉದ್ದಕ್ಕೇ ಬಿಟ್ಟಿದ್ದಾರೆ.